ದೆವ್ವ ಇರೋದು ಉತಾರದಾಗ

ನಮ್ಮ ಆಫೀಸಿನ ಊಟದ ಟೇಬಲ್ಲಿಗೆ ಸಾಹಿತ್ಯ ಬರುವುದು ಅಪರೂಪ. ಬಂದರೂ ನೆಟ್‌ಫ್ಲಿಕ್ಸಿನ ಬಾಗಿಲಿನಿಂದಲೇ ಬರುತ್ತದೆ. 2022ರಲ್ಲಿ ‘ಬ್ರಿಜರ್ಟನ್’ ಸರಣಿಯ ಎರಡನೇ ಸೀಸನ್ ಬಂದಾಗ ನಮ್ಮ ಟೀಮಿನ ಅರ್ಧ ಜನ ವಾರಾಂತ್ಯವೆಲ್ಲ ನಿದ್ದೆಗೆಟ್ಟು, ಸೋಮವಾರದ ಮೀಟಿಂಗಿಗೆ ಕೆಂಪು ಕಣ್ಣಿಟ್ಟುಕೊಂಡು ಬಂದಿದ್ದರು. 1814ರ ಲಂಡನ್ನಿನ ಕತೆ. ಮೇಣದಬತ್ತಿ, ಸಾರೋಟು, ಬಾಲ್ ಡಾನ್ಸು, ವರ ಹುಡುಕಲಿಕ್ಕೆ ಅಂತ ಮುಂಬೈಯಿಂದ ಹಡಗು ಹತ್ತಿ ಬಂದ ಶರ್ಮಾ ಮನೆತನದ ಅಕ್ಕತಂಗಿಯರು. ತಂಗಿ ಅಕ್ಕನಿಗೆ ಹಿಂದಿಯಲ್ಲಿ ‘ದೀದಿ’ ಅಂತಾಳೆ, ಅಕ್ಕ ತಂಗಿಗೆ ಬಂಗಾಲಿಯಲ್ಲಿ ‘ಬೋನ್’ ಅಂತಾಳೆ, ಇಬ್ಬರೂ ತಂದೆಗೆ ‘ಅಪ್ಪಾ’ ಅಂತಾರೆ. ಮರಾಠಿಯೂ ಬರುತ್ತದಂತೆ. ನಿಪ್ಪಾಣಿಯಲ್ಲೂ ಒಂದೇ ಮನೆಯಲ್ಲಿ ಎರಡು ಭಾಷೆ ನಡೆಯುತ್ತವೆ, ಆದರೆ ಹಿಂಗಲ್ಲ ಅಂತ ನಾನು ನಕ್ಕೆ.

ಆಗ ಪಕ್ಕದಲ್ಲಿ ಕೂತಿದ್ದ ಮೈಸೂರಿನ ಗೆಳೆಯ ಕೇಳಿದ: “ನಿಮ್ ಕಡೆ ಇಂಥ ಕತೆ ಇಲ್ವಾ ಗುರೂ? ಹಳೇ ಅರಮನೆ, ಒಂದು ಮದುವೆ, ಜೊತೆಗೆ ರಾತ್ರಿ ಹೊತ್ತು ಯಾರೋ ಅಳೋ ಸದ್ದು. ಸ್ವಲ್ಪ ರೊಮ್ಯಾನ್ಸು, ಸ್ವಲ್ಪ ದೆವ್ವ. ಮಸ್ತ್ ಇರತ್ತೆ.”

ನಾನು ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತ ಸುಮ್ಮನಿದ್ದೆ. ಯಾಕಂದರೆ ಆಗಲೇ ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಅಂಥದೇ ಒಂದು ಕಾದಂಬರಿಯ ನೂರಾ ನಲವತ್ತು ಪುಟ ಇದ್ದವು. ಆ ಪುಟಗಳು ಯಾಕೆ ಕೆಟ್ಟವು ಅನ್ನುವುದೂ, ನಮ್ಮ ಜಿಲ್ಲೆಯವರೇ ಒಬ್ಬರು ನಲವತ್ತು ವರ್ಷದ ಹಿಂದೆ ಈ ಬೆರಕೆಯನ್ನು ಹೇಗೆ ಸರಿಯಾಗಿ ಹದ ಮಾಡಿದ್ದರು ಅನ್ನುವುದೂ ಈ ಸಲದ ಮಾತು.

ಮೊದಲು ಎರಡು ಹೆಸರು ಬಿಡಿಸಿಬಿಡೋಣ. ಇಂಗ್ಲೆಂಡಿನ ರಾಜ ಮೂರನೇ ಜಾರ್ಜನಿಗೆ ಬುದ್ಧಿಭ್ರಮಣೆಯಾಗಿ, ಮಗ ಅವನ ಪರವಾಗಿ ರಾಜ್ಯ ನಡೆಸಿದ 1811ರಿಂದ 1820ರ ಕಾಲಕ್ಕೆ ರೀಜೆನ್ಸಿ ಅಂತ ಹೆಸರು. ಜೇನ್ ಆಸ್ಟಿನ್ ಬರೆದದ್ದು ಆ ಕಾಲದಲ್ಲಿ. ಆ ಕಾಲವನ್ನೇ ಹಿಡಿದು ಪ್ರೇಮಕತೆಯ ಅಚ್ಚು ಮಾಡಿಕೊಟ್ಟವಳು 1930ರ ದಶಕದಿಂದ ಮುಂದೆ ಬರೆದ ಜಾರ್ಜೆಟ್ ಹೇಯರ್. ‘ಬ್ರಿಜರ್ಟನ್’ ಕೂಡ ಅದೇ ಅಚ್ಚಿನ ಬೆಲ್ಲ. ಗಾಥಿಕ್ ಅಂದರೆ ಕೋಟೆ, ಬೀಗ ಹಾಕಿದ ಕೋಣೆ, ಮನೆತನದ ಹಳೆ ಪಾಪ, ಒಳಗೆ ಸಿಕ್ಕಿಬಿದ್ದ ಒಬ್ಬ ಹೆಣ್ಣುಮಗಳು. 1764ರಲ್ಲಿ ಹೊರೇಸ್ ವಾಲ್ಪೋಲ್ ಶುರು ಮಾಡಿದ್ದು. 1794ರಲ್ಲಿ ಆನ್ ರ‍್ಯಾಡ್‌ಕ್ಲಿಫ್ ‘ಮಿಸ್ಟರೀಸ್ ಆಫ್ ಉಡಾಲ್ಫೊ’ ಬರೆದಮೇಲೆ ಓದುಗರಿಗೆ ಹುಚ್ಚೇ ಹಿಡಿಯಿತು.

ಅದೇ ಕಾಲಕ್ಕೆ ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಏನು ನಡೆದಿತ್ತು? ನಿಪ್ಪಾಣಿಯಲ್ಲಿ ಸಿದ್ದೋಜಿರಾವ್ ನಿಂಬಾಳಕರ ಇದ್ದ. ಜನರ ಬಾಯಲ್ಲಿ ಅಪ್ಪಾ ದೇಸಾಯಿ, ನಿಪ್ಪಾಣಿಕರ. ಪೇಶ್ವೆಯ ಸರದಾರ, ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್, ಈ ಭಾಗದಲ್ಲಿ ಓಡಾಡಿದಾಗ ಅವನ ಜೊತೆಗೂ ದಂಡು ತಂದವನು. ಚಿಕ್ಕೋಡಿ ಮತ್ತು ಮನೋಳಿ ಯಾರಿಗೆ ಸೇರಬೇಕು ಅಂತ ಅವನಿಗೂ ಕೊಲ್ಹಾಪುರದವರಿಗೂ ವರ್ಷಾನುಗಟ್ಟಲೆ ಹೊಡೆದಾಟ. ಆ ಜಗಳ ಹರಿಸಲಿಕ್ಕೆ ಹೂಡಿದ ಉಪಾಯ ಒಂದು ಮದುವೆ: ಕೊಲ್ಹಾಪುರದ ರಾಜಮನೆತನದ ಹೆಣ್ಣನ್ನು ನಿಪ್ಪಾಣಿಗೆ ಕೊಟ್ಟರು. ಮದುವೆ ಆಯಿತು, ಜಗಳ ಹರಿಯಲಿಲ್ಲ. ಆ ಹೆಣ್ಣುಮಗಳು ತವರಿನ ವೈರಿಯ ವಾಡೆಯೊಳಗೆ ಮೊದಲ ರಾತ್ರಿ ದೀಪ ಹಚ್ಚಿಕೊಂಡು ಕೂತಾಗ ಏನು ಯೋಚಿಸಿದ್ದಳೋ, ಯಾವ ಬಖರಿನಲ್ಲೂ ಓದಿದ ನೆನಪು ನನಗಿಲ್ಲ. ನನಗಂತೂ ಅದು ‘ಬ್ರಿಜರ್ಟನ್’ನ ಎಂಟೂ ಕಂತಿಗಿಂತ ದೊಡ್ಡ ಕತೆ.

ಇನ್ನೊಂದು ತಾಳೆ ನೋಡಿ. ಗಾಥಿಕ್ಕನ್ನೂ ಪ್ರೇಮಕತೆಯನ್ನೂ ಮೊದಲು ಗಟ್ಟಿಯಾಗಿ ಬೆಸೆದ ಆಸ್ಟಿನ್ನಳ ‘ನಾರ್ಥ್ಯಾಂಗರ್ ಅಬ್ಬಿ’ ಲಂಡನ್ನಿನ ಅಂಗಡಿಗೆ ಬಂದದ್ದು 1817ರ ಡಿಸೆಂಬರಿನಲ್ಲಿ, ಅವಳು ತೀರಿಕೊಂಡ ಐದು ತಿಂಗಳಿಗೆ. ಮರುತಿಂಗಳು, 1818ರ ಜನವರಿ 1ಕ್ಕೆ ‘ಫ್ರ್ಯಾಂಕೆನ್‌ಸ್ಟೈನ್’. ಅದೇ ವರ್ಷದ ಏಪ್ರಿಲ್ 10ಕ್ಕೆ ಥಾಮಸ್ ಮನ್ರೋನ ತೋಪುಗಳಿಗೆ ಬೆಳಗಾವಿ ಕೋಟೆ ಶರಣಾಯಿತು. ಅಲ್ಲಿಯ ಹುಡುಗಿಯರು ದೀಪದ ಬೆಳಕಲ್ಲಿ ಕೋಟೆಯ ಕತೆ ಓದುತ್ತಿದ್ದಾಗ ಇಲ್ಲಿ ಖರೇ ಕೋಟೆ ಬಿತ್ತು. 1839ರಲ್ಲಿ ಸಿದ್ದೋಜಿರಾವ್ ತೀರಿಕೊಂಡ ಮೇಲೆ ನಿಪ್ಪಾಣಿಯೂ ಕಂಪನಿಯ ಹೊಟ್ಟೆಗೆ ಹೋಯಿತು.

ಅಂದರೆ ಸರಕು ನಮ್ಮಲ್ಲಿ ಬೇಕಾದಷ್ಟಿದೆ. ಹಾಗಿದ್ದೂ ಈ ಬೆರಕೆ ಬಹಳ ಸಲ ಯಾಕೆ ಕೆಡುತ್ತದೆ? ನನ್ನದು ಯಾಕೆ ಕೆಟ್ಟಿತು?

ಕೆಡುವುದು ಎರಡನ್ನೂ ಅಲಂಕಾರ ಅಂದುಕೊಂಡಾಗ. ರೊಮ್ಯಾನ್ಸ್ ಅಂದರೆ ಪೋಷಾಕು, ಗಾಥಿಕ್ ಅಂದರೆ ಗಾಳಿಗೆ ಆರುವ ದೀಪ, ಎರಡನ್ನೂ ಒಂದೇ ತಾಟಿನಲ್ಲಿ ಬಡಿಸಿದರೆ ಊಟ ಆಯಿತು ಅಂತ. ಈಗ ಕಿಂಡಲ್ಲಿನಲ್ಲಿ ಸಿಗುವ ಇಂಗ್ಲಿಷಿನ ಇಂಥ ಪುಸ್ತಕಗಳನ್ನು ನಾನು ಮೂರು ವರ್ಷದಲ್ಲಿ ಮೂವತ್ತಾದರೂ ಓದಿದ್ದೇನೆ (ಹೆಂಡತಿ ಲೆಕ್ಕ ಇಟ್ಟಿದ್ದಾಳೆ). ಬಹುಪಾಲು ಒಂದೇ ನಕ್ಷೆ: ಬಡ ಹುಡುಗಿ ದೊಡ್ಡ ಮನೆಗೆ ಬರುತ್ತಾಳೆ, ಒರಟು ಯಜಮಾನ, ಮೇಲಿನ ಮಹಡಿಯಲ್ಲಿ ಸದ್ದು, ಕೊನೆಗೆ ಸದ್ದಿನ ಕಾರಣ ತಿಳಿಯುತ್ತದೆ, ಯಜಮಾನ ಒಳ್ಳೆಯವನು, ಮದುವೆ. ದೆವ್ವ ಹೋಯಿತು, ಮನೆ ಉಳಿಯಿತು, ಹುಡುಗಿಗೆ ಮನೆಯೇ ಸಿಕ್ಕಿತು. ಓದಲು ಖುಷಿಯೇ. ಏರ್‌ಪೋರ್ಟಿನಲ್ಲಿ ವಿಮಾನ ತಡವಾದಾಗ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ಹೆದರಿಕೆ ನಮ್ಮ ಜೊತೆ ಮನೆಗೆ ಬರುವುದಿಲ್ಲ.

ಆಸ್ಟಿನ್ ಹಾಗೆ ಬಿಡುವವಳಲ್ಲ. ‘ನಾರ್ಥ್ಯಾಂಗರ್ ಅಬ್ಬಿ’ಯ ಕ್ಯಾಥರೀನ್ ಹದಿನೇಳರ ಹುಡುಗಿ, ‘ಉಡಾಲ್ಫೊ’ ಓದಿ ತಲೆ ಕೆಡಿಸಿಕೊಂಡವಳು. ಹುಡುಗನ ಮನೆಗೆ ಅತಿಥಿಯಾಗಿ ಹೋದಾಗ, ಮಳೆಗಾಳಿಯ ರಾತ್ರಿ, ಹಳೇ ಕರಿ ಕಪಾಟು ತೆರೆದು ಒಂದು ಕಾಗದದ ಸುರುಳಿ ಹಿಡಿಯುತ್ತಾಳೆ. ಅಷ್ಟರಲ್ಲಿ ದೀಪ ಆರಿಹೋಗುತ್ತದೆ. ಬೆಳಿಗ್ಗೆ ನೋಡಿದರೆ ಅಗಸರ ಬಟ್ಟೆ ಲೆಕ್ಕದ ಚೀಟಿ. ಎಲ್ಲರೂ ಈ ಸನ್ನಿವೇಶವನ್ನು ಗಾಥಿಕ್ಕಿನ ಗೇಲಿ ಅಂತ ಓದುತ್ತಾರೆ. ಕಾಲೇಜಿನ ದಿನಗಳಲ್ಲಿ ನಾನೂ ಹಾಗೇ ಓದಿ ನಕ್ಕಿದ್ದೆ. ಆದರೆ ಕತೆ ಅಲ್ಲಿಗೇ ನಿಲ್ಲುವುದಿಲ್ಲ. ಹುಡುಗನ ಅಪ್ಪ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕು ಅಂತ ಕ್ಯಾಥರೀನ್ ಸಂಶಯಪಡುತ್ತಾಳೆ, ಅದು ಸುಳ್ಳು. ಆದರೆ ಅದೇ ಜನರಲ್, ಈ ಹುಡುಗಿಗೆ ತಾನು ಅಂದುಕೊಂಡಷ್ಟು ಆಸ್ತಿ ಇಲ್ಲ ಅಂತ ಗೊತ್ತಾದ ಕೂಡಲೇ, ಬೆಳಗಾಗುವುದರೊಳಗೆ ಜೊತೆಗೆ ಒಬ್ಬ ಆಳನ್ನೂ ಕೊಡದೆ ಮನೆಯಿಂದ ಹೊರಗೆ ಹಾಕುತ್ತಾನೆ. ರಾಕ್ಷಸ ಇದ್ದದ್ದು ಖರೆ. ಅವಳು ಹುಡುಕಿದ್ದು ರಕ್ತದ ಕಲೆ, ಸಿಕ್ಕಿದ್ದು ಲೆಕ್ಕದ ಚೀಟಿ. ಆ ಮನೆಯ ಸತ್ಯ ಲೆಕ್ಕದ ಕಡೆಗೇ ಇತ್ತು. ಅವಳೂ ನಕ್ಕಳು, ನಾವೂ ನಕ್ಕೆವು.

‘ಜೇನ್ ಏರ್’ ತೆಗೆದುಕೊಳ್ಳಿ. ಮಾಳಿಗೆಯ ಮೇಲಿನ ಹುಚ್ಚಿ ರೋಚೆಸ್ಟರನ ಮೊದಲ ಹೆಂಡತಿ; ಜಮೈಕಾದಿಂದ ಮೂವತ್ತು ಸಾವಿರ ಪೌಂಡು ಕಟ್ಟಿಕೊಂಡು ಬಂದವಳು. ಆ ದುಡ್ಡಿಗಾಗಿಯೇ ಆ ಮದುವೆ. ಮನೆಯಲ್ಲಿ ರಾತ್ರಿ ಕೇಳುವ ನಗು ಒಂದು ವರದಕ್ಷಿಣೆಯ ನಗು ಅಂತ ಹೇಳಿದರೆ ತಪ್ಪಾಗಲಾರದು. ‘ವುದರಿಂಗ್ ಹೈಟ್ಸ್’ ಅನ್ನು ನಾವು ಹುಚ್ಚು ಪ್ರೇಮದ ಪುಸ್ತಕ ಅಂತ ತಿಳಿದಿದ್ದೇವೆ. 1926ರಲ್ಲಿ ಸಿ.ಪಿ. ಸ್ಯಾಂಗರ್ ಎಂಬ ವಕೀಲರು ಆ ಕಾದಂಬರಿಯ ವಂಶಾವಳಿಯನ್ನೂ ಆಸ್ತಿ ಕಾಯ್ದೆಯನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರು: ಹೀತ್‌ಕ್ಲಿಫ್ ಎರಡೂ ಮನೆಗಳನ್ನು ನುಂಗಿದ್ದು ಅಡಮಾನ ಮತ್ತು ಮದುವೆಯ ದಾರಿಯಲ್ಲಿ. ಕಿಟಕಿ ಬಡಿಯುವ ದೆವ್ವದ ಹಿಂದೆ ಅಷ್ಟು ಕಟ್ಟುನಿಟ್ಟಾದ ದಫ್ತರು ಇದೆ. ನನ್ನ ವಾದ ಇಷ್ಟೇ. ರೀಜೆನ್ಸಿ ಪ್ರೇಮಕತೆ ಕೇಳುವುದು ‘ಮದುವೆಯಾದರೆ ಮನೆ ಯಾರದಾಗುತ್ತದೆ’ ಅಂತ. ಗಾಥಿಕ್ ಕೇಳುವುದು ‘ಮನೆ ಅವರದಾದದ್ದು ಹೇಗೆ, ಆಗ ಯಾರು ಸತ್ತರು’ ಅಂತ. ಎರಡೂ ಒಂದೇ ಖಾತೆಯ ಜಮಾ ಮತ್ತು ಖರ್ಚು. ಖಾತೆ ತೆರೆಯದೆ ಬರೆದವನಿಗೆ ಪೋಷಾಕು ಮತ್ತು ದೀಪ ಮಾತ್ರ ಸಿಗುತ್ತವೆ.

ನಮ್ಮ ಗಡಿ ಭಾಗದಲ್ಲಿ ಬೆಳೆದವರಿಗೆ ಈ ಎರಡೂ ಬೇರೆ ಬೇರೆ ಪಾತ್ರೆಯಲ್ಲಿ ಬಂದವು. ದೆವ್ವ ಬಂದದ್ದು ಮಾತಿನಲ್ಲಿ. ಪುಣೆಯ ಶನಿವಾರವಾಡೆಯಲ್ಲಿ 1773ರಲ್ಲಿ ಕೊಲೆಯಾದ ಹುಡುಗ ಪೇಶ್ವೆ ನಾರಾಯಣರಾವ್ ಇನ್ನೂ ಹುಣ್ಣಿಮೆ ರಾತ್ರಿ ‘ಕಾಕಾ, ನನ್ನ ಉಳಿಸು’ ಅಂತ ಕೂಗುತ್ತಾನೆ ಅನ್ನುವ ಕತೆ ಎಷ್ಟು ಹಬ್ಬಿದೆಯೆಂದರೆ, ಚಿಕ್ಕೋಡಿ, ರಾಯಬಾಗ, ಅಥಣಿ ಸುತ್ತಲಿನ ಒಂದೊಂದು ಹಾಳು ವಾಡೆಯೂ ಆ ಕತೆಯ ಒಂದು ಮರಿ ಹಾಕಿಕೊಂಡಿದೆ. (ಎಲ್ಲ ವಾಡೆಯೂ ಕತ್ತಲೆಯಲ್ಲ, ಅದನ್ನೂ ಹೇಳಬೇಕು. ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಇವತ್ತಿಗೂ ಪ್ರತಿ ವರ್ಷ ಜ್ಞಾನೇಶ್ವರ ಮಹಾರಾಜರ ಪಾಲಖಿಗೆ ಕುದುರೆಗಳು ಆಳಂದಿಗೆ ಹೊರಡುತ್ತವೆ. ಊರೂರಲ್ಲಿ ಜನ ಕಾಲಿಗೆ ಬೀಳುತ್ತಾರೆ.)

ಪ್ರೇಮ ಬಂದದ್ದು ಪುಸ್ತಕದಲ್ಲಿ. ನಮ್ಮ ದೊಡ್ಡಪ್ಪ ನಿಪ್ಪಾಣಿಯ ತಂಬಾಕು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು, ಮರಾಠಿ ಓದುವವರು. ಅವರ ಟ್ರಂಕಿನಲ್ಲಿ ರಣಜಿತ್ ದೇಸಾಯಿಯವರ ‘ಸ್ವಾಮಿ’ ಇತ್ತು, 1962ರ ಕಾದಂಬರಿ, ಮಾಧವರಾವ್ ಪೇಶ್ವೆ ಮತ್ತು ರಮಾಬಾಯಿಯ ದಾಂಪತ್ಯದ್ದು. ಬರೆದವರು ಬೆಳಗಾವಿಯಿಂದ ದೂರವೇನಲ್ಲದ ಕೋವಾಡದವರು, ತಾವೇ ದೇಸಾಯಿ ಮನೆತನದವರು. ಆ ಪುಸ್ತಕ ಓದಿ ಅಳದವರನ್ನು ನಾನು ನೋಡಿಲ್ಲ. ಕ್ಷಯದಿಂದ ಗಂಡ ಸಾಯುತ್ತಾನೆ, ರಮಾಬಾಯಿ ಥೇಊರಿನಲ್ಲಿ ಚಿತೆ ಏರುತ್ತಾಳೆ. ಹತ್ತನೇ ಇಯತ್ತೆಯಲ್ಲಿ ಓದಿ ನಾನೂ ಅತ್ತೆ. ಮೂವತ್ತು ದಾಟಿದ ಮೇಲೆ ಓದಿದಾಗ ಬೇರೊಂದು ಹೊಳೆಯಿತು: ಇದೇ ಕೊನೆ ಬೇರೆಯವರ ಕೈಯಲ್ಲಿ ಎಂಥ ಭಯಾನಕ ಪುಟವಾಗಬಹುದಿತ್ತು. ಬೆಂಕಿಗೆ ನಡೆದು ಹೋಗುವ ಹುಡುಗಿಯನ್ನು ಲೇಖಕರು ಅಷ್ಟು ಚಂದದ ಪ್ರೇಮದಲ್ಲಿ ಸುತ್ತಿದ್ದರಿಂದ ನಮಗೆ ಹೆದರಿಕೆಯೇ ಆಗುವುದಿಲ್ಲ. ಇದು ದೇಸಾಯಿಯವರ ಶಕ್ತಿಯೂ ಹೌದು, ಮಿತಿಯೂ ಹೌದು.

ಕನ್ನಡದಲ್ಲಿ ತ.ರಾ.ಸು. ಚಿತ್ರದುರ್ಗದ ನಾಯಕರ ಸರಣಿಯಲ್ಲಿ ಅರಮನೆಯ ಪಿತೂರಿ, ರಾತ್ರಿಯ ಕೊಲೆ, ಕಾಯುವ ಹೆಣ್ಣು ಎಲ್ಲವನ್ನೂ ತಂದರು. ‘ರಕ್ತರಾತ್ರಿ’ ಅನ್ನುವ ಹೆಸರೇ ಸಾಕು. ಮುಂದಿನ ಪುಟ ತಿರುಗಿಸದೆ ಇರಲು ಆಗುವುದಿಲ್ಲ. ಆದರೆ ಅಲ್ಲಿ ಬಿಗಿ ಇರುವುದು ಗದ್ದುಗೆಯ ಸುತ್ತ. ಒಳಮನೆಗೆ ಬೀಗ ಹಾಕಿದವರಾರು ಅನ್ನುವುದು ಅವರ ಪ್ರಶ್ನೆಯಲ್ಲ.

ಆ ಪ್ರಶ್ನೆ ಕೇಳಿದವರು ಘಟಪ್ರಭೆಯ ದಂಡೆಯ ಘೋಡಗೇರಿಯವರು, ಚಂದ್ರಶೇಖರ ಕಂಬಾರರು. ಅವರ ‘ಸಿಂಗಾರೆವ್ವ ಮತ್ತು ಅರಮನೆ’ ಬಂದದ್ದು 1982ರಲ್ಲಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಬಂದ ವರ್ಷವೇ. ಒಂದು ಕೋಟೆ ಬಿದ್ದ ಕತೆ, ಇನ್ನೊಂದು ಅರಮನೆ ಕೊಳೆತ ಕತೆ. ಕಂಬಾರರದನ್ನು ಯಾರೂ ಗಾಥಿಕ್ ಅಂತ ಕರೆದದ್ದು ನನಗೆ ಕಂಡಿಲ್ಲ. ಜಾನಪದ, ಪುರಾಣ, ಪಾಳೆಗಾರಿಕೆಯ ಪತನ ಅಂತ ಪರೀಕ್ಷೆಗೆ ಓದಿದವರೇ ಜಾಸ್ತಿ. ಆದರೆ ಅದರ ಎಲುಬು ನೋಡಿ. ಒಬ್ಬ ಗೌಡ ಮಗಳನ್ನು ಅರಮನೆಗೆ ಕೊಡುತ್ತಾನೆ. ಅವನ ಕಣ್ಣು ಅಳಿಯನ ಮೇಲಲ್ಲ, ಅಳಿಯನ ಆಸ್ತಿಯ ಮೇಲೆ. ಗಂಡ ಸರಗಂ ದೇಸಾಯಿಗೆ ನಾಟಕದ ಹುಚ್ಚು, ಗಂಡಸುತನ ಇಲ್ಲ. ಮನೆತನಕ್ಕೆ ವಾರಸುದಾರ ಬೇಕು. ಸಿಂಗಾರೆವ್ವನ ಬಯಕೆ ಅರಮನೆಯ ಒಳಗೇ ಕೆಳಗಿನ ಜಾತಿಯ ಮರೆಯನ ಕಡೆಗೆ ತಿರುಗುತ್ತದೆ. ಕತ್ತಲೆಯ ಕೋಣೆಗಳು, ಕಳ್ಳ ಭೇಟಿಗಳು, ಬೀಳುತ್ತಿರುವ ಗೋಡೆಗಳು ಎಲ್ಲ ಇವೆ. ಆದರೆ ಒಂದೇ ಒಂದು ಗೋಡೆಯೂ ಬರೀ ಹೆದರಿಸಲಿಕ್ಕೆ ಅಂತ ಬೀಳುವುದಿಲ್ಲ. ಪ್ರತಿ ಗೋಡೆಯ ಹಿಂದೆ ಸಾಲ ಇದೆ.

ಇದೆಲ್ಲಕ್ಕಿಂತ ದೊಡ್ಡ ಜಾಣತನ ಕತೆ ಹೇಳುವವರ ಆಯ್ಕೆ. ಕತೆ ಹೇಳುವುದು ಸಿಂಗಾರೆವ್ವನಲ್ಲ, ಅವಳ ಜೊತೆಗಿದ್ದ ಆಳುಮಗಳು ಶೀನಿಂಗವ್ವ. ‘ವುದರಿಂಗ್ ಹೈಟ್ಸ್’ನಲ್ಲೂ ಕತೆ ಹೇಳುವುದು ಮನೆಯ ಆಳುಮಗಳು ನೆಲ್ಲಿ ಡೀನ್. ಎಮಿಲಿ ಬ್ರಾಂಟಿಯೂ ಕಂಬಾರರೂ ಒಂದೇ ಜಾಗಕ್ಕೆ ಬಂದದ್ದು ಆಕಸ್ಮಿಕವೇನಲ್ಲ. ದೊಡ್ಡ ಮನೆಯಲ್ಲಿ ಹಾಸಿಗೆ ಮಡಚುವವಳಿಗೂ ಕಣಜದ ಬೀಗದ ಕೈ ಎಲ್ಲಿದೆ ಅಂತ ಬಲ್ಲವಳಿಗೂ ಗೊತ್ತಿದ್ದಷ್ಟು ಯಜಮಾನತಿಗೆ ಗೊತ್ತಿರುವುದಿಲ್ಲ. ಯಾವುದು ಪ್ರೀತಿ, ಯಾವುದು ಕೊಡುಕೊಳ್ಳುವಿಕೆ ಅನ್ನುವುದು ಅವಳಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಶೀನಿಂಗವ್ವ ನಮ್ಮ ಕಡೆಯ ಮುದುಕಿಯರ ಹಾಗೆಯೇ ಮಾತಾಡುತ್ತಾಳೆ: ದೆವ್ವದ ಮಾತು, ಹಾಸಿಗೆಯ ಮಾತು, ಜೋಳದ ಚೀಲದ ಮಾತು ಒಂದೇ ಉಸಿರಿನಲ್ಲಿ.

ನನಗೆ ತಕರಾರೂ ಇದೆ. ಕಂಬಾರರಿಗೆ ಕೆಲವೆಡೆ ಕತೆಗಿಂತ ಹಾಡು ಹೆಚ್ಚು ಬೇಕಾಗುತ್ತದೆ. ಸಿಂಗಾರೆವ್ವ ಹೆಂಗಸಿನ ಬದಲು ಫಲವಂತಿಕೆಯ ದೇವತೆಯಾಗುವ ಜಾಗಗಳಲ್ಲಿ ನಾನು ಸ್ವಲ್ಪ ಹೊರಗೆ ನಿಲ್ಲುತ್ತೇನೆ. ದೇವತೆಗೆ ಏನಾದೀತು ಅಂತ ಯಾರೂ ಹೆದರುವುದಿಲ್ಲ. ಟಿ.ಎಸ್. ನಾಗಾಭರಣ 2003ರಲ್ಲಿ ಇದನ್ನೇ ಸಿನಿಮಾ ಮಾಡಿದರು. ಅರಮನೆ ಕಣ್ಣಿಗೆ ಚಂದ ಕಂಡಿತು. ನನಗದು ಚಂದ ಕಾಣಬಾರದಿತ್ತು.

ಇನ್ನು ನನ್ನ ನೂರಾ ನಲವತ್ತು ಪುಟದ ಮಾತು.

ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಗೆ ಹತ್ತಿರ. ಊರ ನಡುವೆ ಒಂದು ವಾಡೆ ಇತ್ತು, ಯಾರದು ಅನ್ನುವುದು ಇಲ್ಲಿ ಬೇಡ. ಅದರ ಹಿತ್ತಲಿನಲ್ಲಿ ಮೆಟ್ಟಿಲು ಬಾವಿ. ನಮ್ಮ ಅಜ್ಜನ ಅಕ್ಕ ಹನ್ನೆರಡನೇ ವಯಸ್ಸಿಗೆ ಆ ವಾಡೆಯಲ್ಲಿ ಕೆಲಸಕ್ಕೆ ಸೇರಿ, ಹತ್ತೊಂಬತ್ತನೇ ವಯಸ್ಸಿಗೆ ಆ ಬಾವಿಯಲ್ಲಿ ಸಿಕ್ಕಳು. ಸ್ವಾತಂತ್ರ್ಯಕ್ಕೆ ಮೂರ್ನಾಲ್ಕು ವರ್ಷ ಮೊದಲು. ಸಣ್ಣ ಧನಿಗೂ ಆಕೆಗೂ ಪ್ರೀತಿ ಇತ್ತು, ಮದುವೆ ಆಗಗೊಡಲಿಲ್ಲ, ಅದಕ್ಕೇ ಹಾರಿಕೊಂಡಳು. ಅಮಾವಾಸ್ಯೆಗೆ ಬಾವಿಯಿಂದ ಬಳೆ ಸಪ್ಪಳ ಕೇಳುತ್ತದೆ. ಇದು ನಮ್ಮ ಆಯಿ, ಅಂದರೆ ಅಜ್ಜಿ, ಮಳೆಗಾಲದ ರಾತ್ರಿ ನಮಗೆ ಹೇಳುತ್ತಿದ್ದ ಕತೆ. ಕೇಳಿದ ಮೇಲೆ ನಾವು ಮೊಮ್ಮಕ್ಕಳು ಒಬ್ಬರೇ ಒಂದಕ್ಕೆ ಹೋಗುತ್ತಿರಲಿಲ್ಲ.

ಆ ಕತೆಯನ್ನೇ ನಾನು ನೂರಾ ಮೂವತ್ತು ವರ್ಷ ಹಿಂದಕ್ಕೆ ತಳ್ಳಿ ಪೇಶ್ವೆ ಕಾಲದಲ್ಲಿ ಕೂಡಿಸಿದ್ದೆ. ರೀಜೆನ್ಸಿಯ ಲೆಕ್ಕಕ್ಕೆ ಸರಿಹೋಗಬೇಕಲ್ಲ! ಪುಣೆಯಿಂದ ಕುದುರೆ ಮೇಲೆ ಬರುವ ದೇಸಾಯಿಯ ಮಗ, ದೀಪ ಹಿಡಿದು ಪಡಸಾಲೆ ದಾಟುವ ಹುಡುಗಿ, ಬೀಗ ಹಾಕಿದ ಮಾಳಿಗೆ, ಮಳೆ. ಮಳೆ ಬಹಳ ಬರುತ್ತದೆ ನನ್ನ ಕಾದಂಬರಿಯಲ್ಲಿ. ಅಥಣಿ ಕಡೆಯ ರೈತ ಓದಿದರೆ ನಗುತ್ತಾನೆ. ಬಾವಿಯ ಅಧ್ಯಾಯ ನನಗೆ ಬಹಳ ಸೇರಿತ್ತು. ಅದನ್ನು ಹೋದ ದೀಪಾವಳಿಗೆ ಊರಿಗೆ ಹೋದಾಗ ಅತ್ತಿಗೆ ಓದಿ ಹೇಳಿದೆ. ಅಪ್ಪನ ಅಕ್ಕ, ಎಪ್ಪತ್ತು ದಾಟಿದೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಇನ್ನೂ ನಡಕೊಂಡೇ ಹೋಗುವ ಗಟ್ಟಿಗಿತ್ತಿ.

ಅತ್ತಿ ಅವರೆಕಾಯಿ ಸುಲಿಯುತ್ತ ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಣ್ಣೀರು ಬರುತ್ತಿರಬೇಕು ಅಂತ ನಾನು ಕಾದೆ.

“ಛಲೋ ಬರದೀ ತಮ್ಮಾ. ಆದ್ರ ಪ್ರೀತಿ ಇತ್ತು ಅಂತ ನಿಂಗ ಯಾರ ಹೇಳಿದ್ರು?”

“ಆಯಿ ಹೇಳ್ತಿದ್ಲಲ್ಲ.”

“ನಿಮ್ಮ ಆಯಿ ಈ ಮನಿಗಿ ಸೊಸಿಯಾಗಿ ಬರೂದ್ರಾಗ ಆಕಿ ಸತ್ತ ನಾಕ ವರ್ಷ ಆಗಿತ್ತು. ಆಕಿಗೂ ಹೇಳಿದ್ದ ಕತಿನೇ. ನದಿ ಕಡಿ ಎರಡೆಕರೆ ನಮಗ ಹೆಂಗ ಬಂತು ಅನ್ನೂದು ಬರದೀ ಏನು?”

ನಾನು ಬರೆದಿರಲಿಲ್ಲ. ನನಗೆ ಗೊತ್ತೂ ಇರಲಿಲ್ಲ. ಆ ಎರಡೆಕರೆ ಅಜ್ಜನ ಕಾಲದಿಂದ ಇದ್ದದ್ದು ಅಂತ ಮಾತ್ರ ಗೊತ್ತಿತ್ತು.

“ಆಕಿ ತಿಂಗಳ ಕಳ್ಯೂದ್ರಾಗ ವಾಡೇದಿಂದ ಕಾರಕೂನ ಬಂದ. ನಿಮ್ಮ ಮುತ್ತಜ್ಜನ ಹೆಸರಿಗಿ ಹೊಲಾ ಮಾಡಿ ಕೊಟ್ರು. ಮುತ್ತಜ್ಜ ಹೆಬ್ಬಟ್ಟ ಒತ್ತಿದ. ಆಮ್ಯಾಲೆ ಬಳಿ ಸಪ್ಪಳ ಕೇಳಾಕ ಹತ್ತಿತು.”

“ಯಾರಿಗೆ?”

“ನಮ್ಮ ಮನ್ಯಾಗಿನವರಿಗೇ ಮೊದ್ಲ.” ಅವರೆಕಾಯಿ ಸಿಪ್ಪೆಯನ್ನು ಮೊರದಿಂದ ಕೆಳಗೆ ತಳ್ಳಿದಳು. “ದೆವ್ವ ಆತು ಅಂದ್ರ ಯಾರೂ ಹೊಲದ ಮಾತ ತಗಿಯೂದಿಲ್ಲ ನೋಡು.”

ಮರುವಾರ ತಾಲೂಕು ಕಚೇರಿಯಲ್ಲಿ ಹಳೇ ಡೈರಿಯ ನಕಲಿಗೆ ಅರ್ಜಿ ಹಾಕಿದೆ. ಎರಡು ಸಲ ಓಡಾಡಿದ ಮೇಲೆ ಸಿಕ್ಕಿತು. ಸರ್ವೆ ನಂಬರು, ಎಕರೆ, ಗುಂಟೆ, ಕೊಟ್ಟವರ ಹೆಸರು, ಮುತ್ತಜ್ಜನ ಹೆಸರು. ಯಾವ ಕಾರಣದಿಂದ ಅನ್ನುವ ಕಡೆ ಒಂದೇ ಶಬ್ದ: ಬಕ್ಷೀಸು.

ಎಷ್ಟೋ ಗಾಥಿಕ್ ಕಾದಂಬರಿ ಓದಿದ್ದೇನೆ. ಆ ಶಬ್ದದ ಮುಂದೆ ಕೂತಾಗ ಆದದ್ದು ಯಾವುದರಲ್ಲೂ ಆಗಿಲ್ಲ. ಯಾಕಂದರೆ 2006ರಲ್ಲಿ ನನ್ನ ಬಿಇ ಸೀಟಿಗೆ ದುಡ್ಡು ಹೊಂದಿಸಲು ಅಪ್ಪ ಮಾರಿದ್ದು ಆ ಎರಡೆಕರೆಯಲ್ಲಿ ಒಂದೆಕರೆಯನ್ನು. ಈಗ ನಾನು ಇದನ್ನು ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪು, ಅದರ ಹಿಂದಿನ ಕೆಲಸ, ಕೆಲಸದ ಹಿಂದಿನ ಡಿಗ್ರಿ, ಎಲ್ಲ ಬಾವಿಯಿಂದ ಮೇಲೆ ಬಂದಿವೆ. ಆಕೆಗೆ ಏನಾಯಿತು ಅನ್ನುವುದಕ್ಕೆ ಕಾಗದ ಇಲ್ಲ. ನಮಗೆ ಏನಾಯಿತು ಅನ್ನುವುದಕ್ಕೆ ಮಾತ್ರ ಇದೆ. ಕ್ಯಾಥರೀನಳ ಕೈಗ ಸಿಕ್ಕ ಅಗಸರ ಚೀಟಿಯ ಬಗ್ಗೆ ನಾನು ಕಾಲೇಜಿನಲ್ಲಿ ನಕ್ಕದ್ದು ಆಗ ನೆನಪಾಯಿತು.

ಇದಾದ ಮೇಲೆ ನನ್ನ ಕಾದಂಬರಿ ಓದಲು ನನಗೇ ಆಗಲಿಲ್ಲ. ಅದರಲ್ಲಿ ಇದ್ದದ್ದು ಸುಳ್ಳು ಅಂತಲ್ಲ, ಕಾದಂಬರಿಯೆಂದರೆ ಸುಳ್ಳೇ. ಅದು ನಮ್ಮ ಮನೆಯವರು ಎಂಬತ್ತು ವರ್ಷದಿಂದ ಹೇಳಿಕೊಂಡು ಬಂದ ಅದೇ ಸುಳ್ಳು, ಇನ್ನಷ್ಟು ಚಂದದ ಭಾಷೆಯಲ್ಲಿ. ಪ್ರೀತಿ ಅಂದರೆ ಧನಿಗಳಿಗೆ ಅನುಕೂಲ, ದೆವ್ವ ಅಂದರೆ ನಮಗೆ ಅನುಕೂಲ. ಎರಡನ್ನೂ ಬೆರೆಸಿ ನಾನು ಎರಡೂ ಮನೆಯವರ ಕೆಲಸ ಮಾಡಿಕೊಟ್ಟಿದ್ದೆ. ಶೀನಿಂಗವ್ವನ ಬಾಯಿ ಕಂಬಾರರಿಗೆ ಯಾಕೆ ಬೇಕಾಯಿತು ಅನ್ನುವುದು ಆಗ ನನಗೆ ತಿಳಿಯಿತು. ನನ್ನ ಪುಟಗಳಲ್ಲಿ ಅವರೆಕಾಯಿ ಸುಲಿಯುವವರು ಒಬ್ಬರೂ ಇರಲಿಲ್ಲ.

ನಮ್ಮ ಇತಿಹಾಸದಲ್ಲಿ ಈ ಜಾತಿಯ ಕತೆ ಎಲ್ಲಿದೆ ಅಂತ ಹುಡುಕುವವರು ಕಿತ್ತೂರನ್ನೇ ಇನ್ನೊಮ್ಮೆ ನೋಡಬಹುದು. ಕತ್ತಿ ಹಿಡಿದ ಚೆನ್ನಮ್ಮನನ್ನು ನಾವೆಲ್ಲ ಬಲ್ಲೆವು. 1824ರ ಸೆಪ್ಟೆಂಬರಿನಲ್ಲಿ ಮಲತಾಯಿಯ ಕಣ್ಣೆದುರು ತೀರಿಕೊಂಡ ದೇಸಾಯಿ ಶಿವಲಿಂಗರುದ್ರಸರ್ಜ, ಆ ಗಳಿಗೆಯ ದತ್ತಕ, ಅದನ್ನು ತಿಳಿಸುವ ಪತ್ರ, ಆ ಪತ್ರದ ಸಹಿ ಬದುಕಿದ್ದಾಗ ಹಾಕಿದ್ದೋ ಸತ್ತ ಮೇಲಿನದೋ ಅಂತ ಧಾರವಾಡದಲ್ಲಿ ಕೂತು ಸಂಶಯಪಟ್ಟ ಥ್ಯಾಕರೆ, ಖಜಾನೆಗೆ ಬಿದ್ದ ಮೊಹರು, ವಾಡೆಯೊಳಗೆ ಒಬ್ಬ ಎಳೆಯ ವಿಧವೆ. ಅಕ್ಟೋಬರ್ 23ರ ಗುಂಡಿನ ಸದ್ದಿಗೆ ಮುಂಚಿನ ಆರು ವಾರ ಆ ಗೋಡೆಗಳ ಒಳಗೆ ಹೆಂಗಸರು ಏನು ಮಾತಾಡಿಕೊಂಡರು? ಯುದ್ಧದ ಕತೆ ಎಷ್ಟೋ ಬಂದಿವೆ, ಆ ಆರು ವಾರದ್ದು ಬೇಕು. ಬರೆಯುವವರಿಗೆ ನಾನು ಕೈ ಮುಗಿಯುತ್ತೇನೆ. ನನ್ನ ಕೈಯಲ್ಲಿ ಸದ್ಯ ಎರಡೆಕರೆಯ ಕೆಲಸ ಇದೆ.

ವಾಡೆಯನ್ನು ಕೆಡವಿ ಆರು ವರ್ಷ ಆಯಿತು. ತೊಲೆಗಳು ಕೊಲ್ಹಾಪುರ ಕಡೆಯ ಯಾವುದೋ ಹೊಟೇಲಿಗೆ ಹೋದವಂತೆ, ಅಲ್ಲಿ ‘ವಾಡಾ ಸ್ಟೈಲ್’ ಊಟ ಸಿಗುತ್ತದೆ. ಬಾವಿ ಮುಚ್ಚಿದ್ದಾರೆ, ಜಾಗ ಪ್ಲಾಟ್ ಆಗಿದೆ. ಕಾದಂಬರಿಯನ್ನು ಮತ್ತೆ ಶುರು ಮಾಡಿದ್ದೇನೆ, ಈ ಸಲ ಕಾರಕೂನ ಬರುವ ದಿನದಿಂದ. ಎಂಟು ಪುಟ ಆಗಿದೆ, ಮಳೆ ಇನ್ನೂ ಬಂದಿಲ್ಲ.

ಯುಗಾದಿಗೆ ಹೋದಾಗ ಅತ್ತಿ ಕೇಳಿದಳು: “ಆಕಿ ಹೆಸರ ಹಾಕ್ತಿ ಏನು ಪುಸ್ತಕದಾಗ?”

ಆಗ ನನಗೆ ಹೊಳೆಯಿತು, ನನಗೆ ಆಕೆಯ ಹೆಸರೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ‘ವಾಡೇದಾಕಿ’ ಅಂತಲೇ ಅನ್ನುತ್ತಿದ್ದೆವು. ನನ್ನ ಪುಟಗಳಲ್ಲಿ ಆಕೆಗೆ ಚಂದ್ರಲೇಖಾ ಅಂತ ಹೆಸರಿಟ್ಟಿದ್ದೆ.

“ಏನಿತ್ತು ಅತ್ತಿ, ಹೆಸರು?”

ಅತ್ತಿ ಹೇಳಿದಳು. ನಮ್ಮ ಓಣಿಯಲ್ಲಿ ಈಗಲೂ ನಾಲ್ಕು ಮಂದಿಗೆ ಇರುವ ಹೆಸರು. ಹೇಳಿ, ಎದ್ದು, ಬೆಲ್ಲ ಕರಗಿತೇನು ನೋಡಲು ಒಳಗೆ ಹೋದಳು.